ಮಗಳ ಇಂಗ್ಲಿಷ್ ಪತ್ರಿಕೆಗಳೊಂದಿಗೆ ಹತ್ತು ತಿಂಗಳು

ಒಂಬತ್ತನೆಯ ತರಗತಿಯ ಕೊನೆಗೆ ಶಾಲೆಯಲ್ಲಿ ನಡೆದ ಇಂಗ್ಲಿಷ್ ಪರೀಕ್ಷೆಯ ಉತ್ತರಪತ್ರಿಕೆಯನ್ನು ಮಗಳು ಊಟದ ಮೇಜಿನ ಮೇಲೆ ಮಗುಚಿ ಇಟ್ಟು ಒಳಗೆ ಹೋದಳು. 80ಕ್ಕೆ 41 ಅಂಕ ಬಂದಿತ್ತು. ಸಿಕ್ಕಿದ್ದನ್ನೆಲ್ಲ ಓದುವ, ತಿಂಡಿ ತಿನ್ನುವಾಗಲೂ ತಟ್ಟೆಯ ಪಕ್ಕ ಪುಸ್ತಕ ತೆರೆದಿಟ್ಟುಕೊಳ್ಳುವ ಹುಡುಗಿಗೆ ಓದಿನ ಪತ್ರಿಕೆಯಲ್ಲಿಯೇ ಅರ್ಧದಷ್ಟು ಅಂಕ ಬಂದದ್ದು ಹೇಗೆಂದು ನನಗೆ ತಿಳಿಯಲಿಲ್ಲ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ; ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತು ಕಟ್ಟುಗಟ್ಟಲೆ ಉತ್ತರಪತ್ರಿಕೆಗಳನ್ನು ತಿದ್ದಿ ಅಭ್ಯಾಸವಾದವಳು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳ ಪತ್ರಿಕೆಯನ್ನು ಅದೇ ಕಣ್ಣಿನಿಂದ ಮೊದಲಿನಿಂದ ಕೊನೆಯವರೆಗೆ ಓದಿದೆ. ಅವಳು ಬರೆದದ್ದರಲ್ಲಿ ತಪ್ಪೆನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೆ ಎರಡು ಅಂಕದ ಪ್ರಶ್ನೆಗೆ ಮುಕ್ಕಾಲು ಪುಟ ಬರೆದಿದ್ದಳು, 25 ಅಂಕದ ಕೊನೆಯ ಪ್ರಶ್ನೆಗೆ ಒಂಬತ್ತು ಸಾಲು. ಗದ್ಯಭಾಗವನ್ನು ಅಷ್ಟು ಪ್ರೀತಿಯಿಂದ ಓದಿದವಳು ಪ್ರಶ್ನೆಯನ್ನು ಓದಿರಲೇ ಇಲ್ಲ.

ಅವಳು ಬರೆಯಬೇಕಾಗಿದ್ದದ್ದು ನಮ್ಮ ಹತ್ತನೆಯ ತರಗತಿಯ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆಯಾದ ಕೇಂಬ್ರಿಜ್ ಐಜಿಸಿಎಸ್‌ಇಯ ಪ್ರಥಮ ಭಾಷೆ ಇಂಗ್ಲಿಷ್, ವಿಷಯ ಸಂಕೇತ 0500. ಭಾರತದ ಶಾಲೆಗಳಿಗಾಗಿ ಮಾರ್ಚ್ ತಿಂಗಳಲ್ಲಿ ಒಂದು ಸುತ್ತಿನ ಪರೀಕ್ಷೆ ನಡೆಯುತ್ತದೆ. ನಮ್ಮ ಗುರಿ ಅದೇ ಆಗಿತ್ತು. ಓದಿನದೊಂದು, ಬರವಣಿಗೆಯದೊಂದು ಎಂದು ಎರಡು ಪತ್ರಿಕೆ, ತಲಾ ಎರಡು ಗಂಟೆ, ತಲಾ 80 ಅಂಕ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ನನ್ನ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಎಂದರೆ ಪಠ್ಯಪುಸ್ತಕದ ಪಾಠಗಳು, ಗೈಡಿನ ಉತ್ತರಗಳು, ಬಾಯಿಪಾಠ ಮಾಡಿದ ಎರಡು ಪ್ರಬಂಧ ಮತ್ತು ಒಂದು ರಜಾ ಅರ್ಜಿ. ಇಲ್ಲಿ ಓದಿಕೊಂಡು ಹೋಗಲು ಪಠ್ಯಪುಸ್ತಕದ ಪಾಠವೇ ಇಲ್ಲ. ಹಿಂದೆಂದೂ ಕಾಣದ ಮೂರು ಗದ್ಯಭಾಗಗಳನ್ನು ಕೈಗೆ ಕೊಟ್ಟು ಓದಿ ಬರೆಯಿರಿ ಎನ್ನುತ್ತಾರೆ. ಇದಕ್ಕೆ ತಯಾರಿ ಎಂಬುದು ಹೇಗೆ ಸಾಧ್ಯವೆಂದು ಮೊದಲ ಕೆಲವು ವಾರ ನನಗೂ ಹೊಳೆಯಲಿಲ್ಲ.

ಹಾಗಾಗಿ ಎಲ್ಲರೂ ಮಾಡುವಂತೆ ಟ್ಯೂಷನ್‌ಗೆ ಸೇರಿಸಿದೆವು. ಅಲ್ಲಿ ಕೊಟ್ಟದ್ದು ಸಿದ್ಧ ಆರಂಭಗಳ ಒಂದು ಕಟ್ಟು. ಕಥೆ ಬಂದರೆ ಈ ಸಾಲಿನಿಂದ ಶುರುಮಾಡಿ, ವರ್ಣನೆ ಬಂದರೆ ಈ ಪ್ಯಾರಾ ಇಳಿಸಿ, ಭಾಷಣ ಬಂದರೆ ಈ ಮೂರು ಅಲಂಕಾರಗಳನ್ನು ತಪ್ಪದೆ ಸೇರಿಸಿ ಎಂಬ ಸೂಚನೆಗಳು. ಮಗಳು ಒಂದು ಸಂಜೆ ಹಿಮ ಬೀಳುವ ಹಳ್ಳಿಯೊಂದರ ವರ್ಣನೆಯನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದಳು. ಬೆಂಗಳೂರಿನ ಹನುಮಂತನಗರದಲ್ಲಿ ಹುಟ್ಟಿ ಬೆಳೆದ ಹುಡುಗಿ ಹಿಮವನ್ನು ಕಂಡವಳೇ ಅಲ್ಲ. ಮೌಲ್ಯಮಾಪನದಲ್ಲಿ ಒಂದೇ ಕೇಂದ್ರದಿಂದ ಬಂದ ಇಪ್ಪತ್ತು ಪತ್ರಿಕೆಗಳಲ್ಲಿ ಒಂದೇ ಪ್ರಬಂಧ ಒಂದೇ ತಪ್ಪಿನೊಂದಿಗೆ ಕಾಣಿಸಿಕೊಂಡಾಗ ಆಗುವ ಬೇಸರ ನನಗೆ ಗೊತ್ತಿತ್ತು. ಮೂರು ತಿಂಗಳಿಗೆ ಆ ಟ್ಯೂಷನ್ ಬಿಡಿಸಿದೆ.

ಕೇಂಬ್ರಿಜ್‌ನವರು ಹಳೆಯ ಪ್ರಶ್ನೆಪತ್ರಿಕೆಗಳ ಜೊತೆಗೆ ಅಂಕ ಹಂಚಿಕೆಯ ಸೂತ್ರಗಳನ್ನೂ, ಪರೀಕ್ಷಕರ ವರದಿಗಳನ್ನೂ ಪ್ರಕಟಿಸುತ್ತಾರೆ. ಅವುಗಳಲ್ಲಿ ಕೆಲವನ್ನು ಗಾಂಧಿಬಜಾರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ದಾರ ಕಟ್ಟಿ ಮನೆಗೆ ತಂದೆ. ಎರಡು ಭಾನುವಾರ ನಾವಿಬ್ಬರೂ ಒಂದು ಉತ್ತರವನ್ನೂ ಬರೆಯಲಿಲ್ಲ. ಪತ್ರಿಕೆಯ ಅಂಗರಚನೆಯನ್ನಷ್ಟೇ ನೋಡಿದೆವು. ಆಗ ಕಂಡ ಒಂದು ಲೆಕ್ಕ ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಮೊದಲ ಪತ್ರಿಕೆಯ 80 ಅಂಕಗಳಲ್ಲಿ 65 ಓದಿಗೆ, 15 ಮಾತ್ರ ಬರವಣಿಗೆಗೆ. ಎರಡನೆಯ ಪತ್ರಿಕೆಯಲ್ಲಿ ಇದು ತಲೆಕೆಳಗಾಗಿ, ಬರವಣಿಗೆಗೆ 65, ಓದಿಗೆ 15. ಮಗಳು ಮೊದಲ ಪತ್ರಿಕೆಯಲ್ಲಿ ಚೆಂದದ ವಾಕ್ಯ ಕಟ್ಟಲು ಹೆಣಗಾಡುತ್ತಿದ್ದ ಕಡೆಗಳಲ್ಲೆಲ್ಲ ಚೆಂದಕ್ಕೆ ಅಂಕವೇ ಇರಲಿಲ್ಲ. ಸಾರಾಂಶದಲ್ಲಿ 5, ಕೊನೆಯ ಪ್ರಶ್ನೆಯಲ್ಲಿ 10, ಇವೆರಡು ಬಿಟ್ಟರೆ ಆ ಪತ್ರಿಕೆ ಕೇಳುವುದು ನಿನಗೆ ಏನು ಅರ್ಥವಾಯಿತು ಎಂಬುದನ್ನು ಮಾತ್ರ. ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಮ್ಮಾ, ನಾನು ಇಷ್ಟು ದಿನ ಬೇರೆ ಯಾವುದೋ ಪರೀಕ್ಷೆಗೆ ಓದ್ತಾ ಇದ್ದೆ" ಎಂದಳು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ನಮ್ಮ ಪರೀಕ್ಷೆಯ ಹೊತ್ತಾಯಿತು. ಊಟದ ಮೇಜಿನ ಒಂದು ಕಡೆ ಅವಳು, ಎದುರಿಗೆ ನಾನು, ನಡುವೆ ಅಲಾರಂ ಗಡಿಯಾರ. ನಾನೂ ಅದೇ ಪತ್ರಿಕೆಯನ್ನು ಬರೆಯುತ್ತಿದ್ದೆ. ಬರೆಯದೆ ತಿದ್ದಲು ಹೊರಟರೆ ಎಲ್ಲಿ ಕಾಲು ಜಾರುತ್ತದೆಂಬುದು ತಿಳಿಯುವುದಿಲ್ಲವೆಂದು ನನ್ನ ವೃತ್ತಿಯಲ್ಲಿ ಕಂಡುಕೊಂಡಿದ್ದೆ. 120 ನಿಮಿಷಕ್ಕೆ 80 ಅಂಕ. ಒಂದು ಅಂಕಕ್ಕೆ ಒಂದೂವರೆ ನಿಮಿಷ, ಓದುವ ಹೊತ್ತೂ ಅದರಲ್ಲಿಯೇ ಸೇರಿರುತ್ತದೆ. ಮೊದಲ ಪತ್ರಿಕೆಯ ಮೊದಲನೆಯ ಪ್ರಶ್ನೆಗೆ ಒಟ್ಟು 30 ಅಂಕ, ಉಳಿದೆರಡಕ್ಕೆ 25ರಂತೆ. ಆದ್ದರಿಂದ 45ನೆಯ ನಿಮಿಷಕ್ಕೆ ಮೊದಲನೆಯದನ್ನೂ, 82ನೆಯ ನಿಮಿಷಕ್ಕೆ ಎರಡನೆಯದನ್ನೂ ಎಲ್ಲಿದ್ದರೆ ಅಲ್ಲಿಗೆ ಬಿಟ್ಟು ಮುಂದೆ ಹೋಗಬೇಕೆಂದು ಗೊತ್ತುಮಾಡಿಕೊಂಡೆವು. ಬಿಟ್ಟು ಹೋಗುವುದು ಅವಳಿಗೆ ಬಹಳ ಕಷ್ಟವಾಯಿತು. ಎರಡು ಅಂಕದ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ಕುಳಿತ ಭಾನುವಾರಗಳೂ ಇದ್ದವು. ನಾನು ಏನೂ ಹೇಳದೆ ಗಡಿಯಾರವನ್ನು ಅವಳ ಕಡೆಗೆ ತಿರುಗಿಸಿ ಇಡುತ್ತಿದ್ದೆ.

ಇನ್ನೊಂದು ನಿಯಮವನ್ನು ಅವಳೇ ಕಂಡುಕೊಂಡಳು. ಗದ್ಯಭಾಗ ಕಣ್ಣಿಗೆ ಬಿದ್ದರೆ ಓದದೆ ಇರಲಾರಳು. ಹಾಗಾಗಿ ಅದರ ಮೇಲೆ ಎಡಗೈ ಮುಚ್ಚಿ ಇಟ್ಟುಕೊಂಡು, ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಮೊದಲು ಪ್ರಶ್ನೆಗಳನ್ನು ಓದುತ್ತಿದ್ದಳು. ಯಾವ ಪ್ಯಾರಾದಿಂದ, ಎಷ್ಟು ಕಾರಣ, ಸ್ವಂತ ಮಾತಿನಲ್ಲೋ ಗದ್ಯದ ಮಾತಿನಲ್ಲೋ ಎಂಬ ಮೂರನ್ನು ಗುರುತು ಹಾಕಿಕೊಂಡ ಮೇಲೆಯೇ ಕೈ ತೆಗೆಯುವುದು.

ಸಾರಾಂಶದ ಪ್ರಶ್ನೆಗೆ 15 ಅಂಕ, 120 ಪದಗಳ ಮಿತಿ. ನಮ್ಮಲ್ಲಿ ಸಾರಾಂಶವೆಂದರೆ ಗದ್ಯವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುವುದೆಂದು ಕಲಿಸುತ್ತೇವೆ. ಇಲ್ಲಿ ಅದು ಕೇವಲ ಇಳಿಸುವ ಕೆಲಸವಲ್ಲ. ಗದ್ಯದಲ್ಲಿರುವ ಹತ್ತು ಸಂಗತಿಗಳಲ್ಲಿ ಪ್ರಶ್ನೆ ಕೇಳಿದ ಒಂದು ಮಗ್ಗುಲಿಗೆ ಸಂಬಂಧಿಸಿದವನ್ನು ಮಾತ್ರ ಆರಿಸಬೇಕು. ಅಭ್ಯಾಸಕ್ಕೆಂದು ಬೆಂಗಳೂರಿನ ಕೆರೆಗಳ ಬಗ್ಗೆ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಬಂದ ಲೇಖನವನ್ನು ತೆಗೆದುಕೊಂಡು, ಕೆರೆಗಳು ಹಾಳಾಗಲು ಕಾರಣಗಳೇನು ಎಂಬ ಪ್ರಶ್ನೆಯನ್ನು ನಾನೇ ಹಾಕಿದೆ. ಮಗಳು 170 ಪದ ಬರೆದಳು. ಕೊಳಚೆ ನೀರು ಸೇರುವುದು ಒಂದು ಕಾರಣ, ಬೆಳ್ಳಂದೂರು ಕೆರೆಯಲ್ಲಿ ನೊರೆ ಉಕ್ಕಿದ್ದು ಇನ್ನೊಂದು, 2017ರಲ್ಲಿ ಅದೇ ಕೆರೆಯ ಮೇಲೆ ಬೆಂಕಿ ಹೊತ್ತಿದ್ದು ಮತ್ತೊಂದು ಎಂದು ಎಣಿಸಿದ್ದಳು. ನೊರೆಯೂ ಬೆಂಕಿಯೂ ಕಾರಣಗಳಲ್ಲ. ಕೊಳಚೆ ನೀರೆಂಬ ಒಂದೇ ಕಾರಣ ಕಣ್ಣಿಗೆ ಕಂಡ ಬಗೆಗಳು. ಅದನ್ನು ಬಿಡಿಸಿಕೊಂಡ ಕೂಡಲೇ ಅವಳು ಓದದೆ ದಾಟಿದ್ದ ಒಂದು ವಾಕ್ಯ ಮೇಲೆದ್ದು ಬಂತು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಗಳು ಒತ್ತುವರಿಯಾಗಿ ಕೆರೆಗಳ ನಡುವಿನ ಸಂಬಂಧ ಕಡಿದುಹೋಯಿತು ಎಂಬ, ಅಬ್ಬರವಿಲ್ಲದ ಸಾಲು ಅದು. ಅಬ್ಬರವಿಲ್ಲದ ಸಾಲುಗಳಲ್ಲಿಯೇ ಅಂಕಗಳು ಅಡಗಿರುತ್ತವೆ ಎಂಬುದು ಆಮೇಲೆ ಎಷ್ಟೋ ಪತ್ರಿಕೆಗಳಲ್ಲಿ ನಮಗೆ ಮನವರಿಕೆಯಾಯಿತು. ಆ ದಿನ ನನ್ನ ಸಾರಾಂಶದಲ್ಲಿ ಕೆರೆಗಳನ್ನು ಉಳಿಸಿಕೊಳ್ಳಬೇಕೆಂಬ ಸಾಲೊಂದು ತಾನಾಗಿಯೇ ಬಂದು ಕುಳಿತಿತ್ತು. ಮಗಳು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಲೇಖನದಲ್ಲಿ ಅದು ಎಲ್ಲಿದೆ ತೋರಿಸು ಎಂದಳು. ಎಲ್ಲಿಯೂ ಇರಲಿಲ್ಲ.

ನಮ್ಮಿಬ್ಬರ ಹೆಚ್ಚಿನ ಭಾನುವಾರಗಳು ಹೋದದ್ದು ಎರಡನೆಯ ಪ್ರಶ್ನೆಯ ಕೊನೆಯ ಭಾಗಕ್ಕೆ. ಕೊಟ್ಟ ಎರಡು ಪ್ಯಾರಾಗಳಲ್ಲಿ ಲೇಖಕ ಬಳಸಿದ ಶಕ್ತಿಯುತ ಪದಗಳನ್ನೂ ಚಿತ್ರಗಳನ್ನೂ ಆರಿಸಿ, ಅವು ಏನು ಮಾಡುತ್ತವೆ ಎಂಬುದನ್ನು 200ರಿಂದ 300 ಪದಗಳಲ್ಲಿ ವಿವರಿಸಬೇಕು. ಇದಕ್ಕೂ 15 ಅಂಕ. ಅವಳ ಮೊದಲ ಉತ್ತರಗಳು ಹೀಗಿದ್ದವು: ಇದು ಪರ್ಸಾನಿಫಿಕೇಷನ್ (ಜಡವಸ್ತುವಿಗೆ ಮನುಷ್ಯನ ಗುಣ ಕೊಡುವುದು), ಇದರಿಂದ ಓದುಗರಿಗೆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಇದು ಸಿಮಿಲಿ (ಉಪಮೆ), ಇದರಿಂದ ಓದುಗರಿಗೆ ಕುತೂಹಲ ಹುಟ್ಟುತ್ತದೆ. ಯಾವ ಪದಕ್ಕೆ ಬೇಕಾದರೂ ಅಂಟಿಸಬಹುದಾದ ಮಾತುಗಳಿವು. ಪರೀಕ್ಷಕರ ವರದಿಗಳಲ್ಲಿಯೂ ಇದೇ ದೂರು ಮತ್ತೆ ಮತ್ತೆ ಬರುತ್ತಿತ್ತು; ಅಲಂಕಾರದ ಹೆಸರು ಹೇಳಿದ್ದಕ್ಕೆ ಅಂಕವಿಲ್ಲ, ಅರ್ಥವನ್ನೂ ಪರಿಣಾಮವನ್ನೂ ಬಿಡಿಸಬೇಕು ಎಂದು. ಇಂಗ್ಲಿಷಿನಲ್ಲಿ ಎಷ್ಟು ಹೇಳಿಕೊಟ್ಟರೂ ಈ ಪರಿಣಾಮವೆಂಬುದು ಅವಳ ಕೈಗೆ ಸಿಕ್ಕಲಿಲ್ಲ.

ಆಗ ನಾನು ಒಂದು ಪುಟದಷ್ಟು ಗದ್ಯವನ್ನು ಇಂಗ್ಲಿಷಿನಲ್ಲಿ ಬರೆದು ಅವಳ ಮುಂದಿಟ್ಟೆ. ಮಲೆನಾಡಿನ ಘಾಟಿ, ಮಳೆ, ಹಳೆಯ ಬಸ್ಸು. ಬಸ್ಸು ಕೆಮ್ಮುತ್ತ ಘಾಟಿ ಹತ್ತಿತು ಎಂಬರ್ಥದ ಒಂದು ವಾಕ್ಯ ಅದರಲ್ಲಿತ್ತು. ಅವಳು ಮತ್ತೆ ಪರ್ಸಾನಿಫಿಕೇಷನ್ ಎಂದು ಬರೆಯಹೊರಟಾಗ ಪೆನ್ನು ಕೆಳಗಿಡಲು ಹೇಳಿ ಕನ್ನಡದಲ್ಲಿ ಕೇಳಿದೆ.

"ಕೆಮ್ಮೋದು ಯಾರು, ಪುಟ್ಟೀ?"

"ಹುಷಾರಿಲ್ಲದವರು. ತಾತ ಕೆಮ್ತಿದ್ರಲ್ಲ."

"ತಾತ ಹೇಗೆ ಕೆಮ್ತಿದ್ರು?"

"ಒಂದ್ಸಲ ಶುರುವಾದ್ರೆ ನಿಲ್ತಾನೇ ಇರ್ಲಿಲ್ಲ. ಮಧ್ಯೆ ಉಸಿರು ಕಟ್ಟೋದು. ನಾವೆಲ್ಲ ಮಾತು ನಿಲ್ಲಿಸಿ ಅವರನ್ನೇ ನೋಡ್ತಿದ್ವಿ."

"ಹಾಗಾದ್ರೆ ಆ ಬಸ್ಸಲ್ಲಿ ಕೂತಿರೋರು?"

ಅವಳು ಕಿಟಕಿಯ ಕಡೆ ನೋಡಿದಳು. "ಮಾತು ನಿಲ್ಲಿಸಿರ್ತಾರೆ. ಮುಂದಿನ ತಿರುವಲ್ಲಿ ನಿಂತೇ ಹೋಗುತ್ತೇನೋ ಅಂತ ಇಂಜಿನ್ ಸದ್ದನ್ನೇ ಕೇಳ್ತಾ ಕೂತಿರ್ತಾರೆ."

ಇದೇ ಉತ್ತರವೆಂದು ನಾನು ಹೇಳಿದಾಗ ಅವಳು ನಂಬಲಿಲ್ಲ. ಅದನ್ನು ಹಾಗೆಯೇ ಇಂಗ್ಲಿಷಿಗೆ ತಂದು ಬರೆದಳು: ಕೆಮ್ಮುವುದು ಎಂಬ ಪದ ಬಸ್ಸಿನ ಮುದಿತನವನ್ನೂ, ದಣಿವನ್ನೂ, ತಡೆತಡೆದು ಬರುವ ಸದ್ದನ್ನೂ ಒಟ್ಟಿಗೆ ಹೇಳುತ್ತದೆ, ಕಾಯಿಲೆಯ ವ್ಯಕ್ತಿಯ ಪಕ್ಕ ಕುಳಿತವರಿಗಾಗುವ ಆತಂಕ ಇಲ್ಲಿ ಪ್ರಯಾಣಿಕರ ಆತಂಕವಾಗಿದೆ, ಯಾಕೆಂದರೆ ಅವರ ಜೀವ ಅದರ ಉಸಿರನ್ನೇ ನೆಚ್ಚಿದೆ. ಅಲಂಕಾರದ ಹೆಸರು ಎಲ್ಲಿಯೂ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇಲ್ಲಿ ನನ್ನ ಪಾಠದ ಅನುಭವವೊಂದನ್ನು ಹೇಳಬೇಕೆನಿಸುತ್ತದೆ. ಕನ್ನಡ ಪರೀಕ್ಷೆಯಲ್ಲಿ ಅಲಂಕಾರದ ಪ್ರಶ್ನೆಗೆ ಹೆಸರು, ಲಕ್ಷಣ, ಸಮನ್ವಯ ಎಂದು ಬರೆಸುತ್ತೇವೆ. ಮಕ್ಕಳು ಹೆಸರನ್ನೂ ಲಕ್ಷಣವನ್ನೂ ಗಟ್ಟಿಮಾಡಿಕೊಂಡು ಬಂದು ಸಮನ್ವಯದಲ್ಲಿ ಉಪಮೇಯ ಇದು, ಉಪಮಾನ ಇದು ಎಂದು ಎರಡು ಸಾಲು ಬರೆದು ಮುಗಿಸುತ್ತಾರೆ. ನಿಜವಾದ ಓದು ಇರುವುದು ಆ ಸಮಾನ ಧರ್ಮವನ್ನು ಬಿಡಿಸುವುದರಲ್ಲಿ. ಇದಕ್ಕೆ ಅದನ್ನೇ ಏಕೆ ಹೋಲಿಸಿದ, ಹೋಲಿಸಿದ್ದರಿಂದ ವಾಚ್ಯಾರ್ಥವನ್ನು ಮೀರಿ ಏನು ಧ್ವನಿಸಿತು ಎಂದು ಕೇಳಿಕೊಳ್ಳುವುದರಲ್ಲಿ. ಇಂಗ್ಲಿಷ್ ಪತ್ರಿಕೆಯ ಅಂಕಸೂತ್ರ ಸ್ಪಷ್ಟ ಅರ್ಥ, ಸೂಚಿತ ಅರ್ಥ ಎಂದು ಬೇರ್ಪಡಿಸಿ ಹೇಳುವುದನ್ನು ಓದಿದಾಗ ಇಷ್ಟು ವರ್ಷ ನಾನು ತರಗತಿಯಲ್ಲಿ ವಾಚ್ಯ, ಧ್ವನಿ ಎಂದು ಹೇಳಿಕೊಂಡು ಬಂದದ್ದೇ ಎದುರಿಗೆ ಬಂದಂತಾಯಿತು. ಮಗಳಿಗೆ ಕನ್ನಡದ ಓದು ಇಂಗ್ಲಿಷಿಗೆ ಅಡ್ಡಿಯಾಗುತ್ತದೆಂದು ಹಲವರು ಹೇಳಿದ್ದರು. ನಮ್ಮ ಮನೆಯಲ್ಲಿ ಈ ಪ್ರಶ್ನೆಯ ಬಾಗಿಲು ತೆರೆದದ್ದು ಕನ್ನಡದಿಂದಲೇ.

ಮೂರನೆಯ ಪ್ರಶ್ನೆ ಎರಡನೆಯದರ ಗದ್ಯಭಾಗವನ್ನೇ ಮತ್ತೆ ಬಳಸುತ್ತದೆ. ಅದರಲ್ಲಿನ ಒಂದು ಪಾತ್ರವಾಗಿ ದಿನಚರಿಯನ್ನೋ ಪತ್ರವನ್ನೋ ಬರೆಯಬೇಕು; ಒಳಗೊಳ್ಳಬೇಕಾದ ಮೂರು ಅಂಶಗಳನ್ನು ಅವರೇ ಕೊಟ್ಟಿರುತ್ತಾರೆ. ಮೊದಲೆರಡಕ್ಕೆ ಸಾಮಗ್ರಿ ಗದ್ಯದಲ್ಲಿಯೇ ಸಿಗುತ್ತದೆ, ಮೂರನೆಯದನ್ನು ಸಾಮಾನ್ಯವಾಗಿ ಊಹಿಸಿ ಬೆಳೆಸಬೇಕಾಗುತ್ತದೆ. ಆ ಊಹೆಗೂ ಗದ್ಯದಲ್ಲಿ ಬೇರು ಇರಬೇಕು. ಕಥೆ ಕಟ್ಟುವ ಹುಮ್ಮಸ್ಸಿನಲ್ಲಿ ಅವಳು ಗದ್ಯದಲ್ಲಿಲ್ಲದ ಅಣ್ಣ, ನಾಯಿ, ಅಪಘಾತ ಎಲ್ಲವನ್ನೂ ತರುತ್ತಿದ್ದಳು. ಅಂಚಿನಲ್ಲಿ ಒಂದು, ಎರಡು, ಮೂರು ಎಂದು ಬರೆದುಕೊಂಡು, ಗದ್ಯದ ಯಾವ ಸಾಲು ಯಾವುದಕ್ಕೆ ಎಂದು ಗುರುತು ಹಾಕಿದ ಮೇಲೆಯೇ ಬರೆಯಲು ಶುರುಮಾಡುವುದನ್ನು ರೂಢಿಸಿಕೊಂಡ ಮೇಲೆ ಇದು ಬೇಗ ಹತೋಟಿಗೆ ಬಂತು.

ಬರವಣಿಗೆಯ ಪತ್ರಿಕೆಗೆ ನಾವು ಕೈಹಾಕಿದ್ದು ಅಕ್ಟೋಬರಿನಲ್ಲಿ. ಅದರ ಮೊದಲ ಭಾಗದಲ್ಲಿ ಎರಡು ಲೇಖನಗಳನ್ನು ಓದಿ, ಅವುಗಳ ವಾದಗಳನ್ನು ತೂಗಿ, ಭಾಷಣವನ್ನೋ ಪತ್ರವನ್ನೋ ಲೇಖನವನ್ನೋ ಬರೆಯಬೇಕು. ಅವನು ಹೀಗೆಂದ, ಇವಳು ಹಾಗೆಂದಳು ಎಂದು ಒಪ್ಪಿಸಿದರೆ ಸಾಲದು. ಒಬ್ಬರ ವಾದದಲ್ಲಿ ಎಲ್ಲಿ ಹುರುಳಿಲ್ಲ, ಇನ್ನೊಬ್ಬರು ಏನನ್ನು ಮರೆಮಾಡಿದ್ದಾರೆ ಎಂಬುದನ್ನು ಹೇಳಬೇಕು. ಊಟದ ಹೊತ್ತಿನಲ್ಲಿ ಅಪ್ಪನೊಂದಿಗೆ ವಾದ ಮಾಡುವ ಹುಡುಗಿಗೆ ಇದು ಕಲಿಸಬೇಕಾದ ವಿಷಯವಾಗಿರಲಿಲ್ಲ.

ಎರಡನೆಯ ಭಾಗ ಹಾಗಲ್ಲ. ಎರಡು ವರ್ಣನೆ, ಎರಡು ಕಥನ, ಒಟ್ಟು ನಾಲ್ಕು ವಿಷಯಗಳಲ್ಲಿ ಒಂದನ್ನು ಆರಿಸಿ 350ರಿಂದ 450 ಪದಗಳಲ್ಲಿ ಬರೆಯಬೇಕು, 40 ಅಂಕ. ಅದರಲ್ಲಿ 16 ಒಳವಸ್ತು ಮತ್ತು ರಚನೆಗೆ, 24 ಶೈಲಿ ಮತ್ತು ಶುದ್ಧಿಗೆ. ಹಿಮದ ಹಳ್ಳಿಯನ್ನು ಮರೆಸುವುದಕ್ಕೆಂದು ಒಂದು ದಿನ ಬೆಳಗಿನ ಐದು ಗಂಟೆಗೆ ಅವಳನ್ನು ಆಟೋದಲ್ಲಿ ಕೆ.ಆರ್. ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಅರ್ಧ ಗಂಟೆ ಅಡ್ಡಾಡಿ, ಒಂದು ಮೂಲೆಯಲ್ಲಿ ನಿಂತು ಕಂಡದ್ದನ್ನು ಚೀಟಿಯಲ್ಲಿ ಬರೆದುಕೊಂಡಳು. ಮನೆಗೆ ಬಂದು ಬರೆದ ಮೊದಲ ವರ್ಣನೆಯಲ್ಲಿ ಇಡೀ ಮಾರುಕಟ್ಟೆ ಇತ್ತು. ಬಣ್ಣ, ವಾಸನೆ, ಗದ್ದಲ, ಎಲ್ಲವೂ ಒಂದೊಂದು ವಾಕ್ಯ. ಅರ್ಧಕ್ಕೆ ಬಂದಾಗ ಒಬ್ಬ ಕಳ್ಳ ಓಡಿಬಂದು ಅದು ಕಥೆಯೂ ಆಗಿಬಿಟ್ಟಿತ್ತು. ಚೀಟಿ ತೆಗೆದು ನೋಡಿದೆ. ಅದರ ಕೊನೆಯ ಸಾಲಿನಲ್ಲಿ, ಅಜ್ಜಿ ಮೊಳ ಹಾಕುವಾಗ ಬಳೆ ಹಿಂದೆ ಸರಿಯುತ್ತದೆ, ಎಂದಿತ್ತು.

ಅದನ್ನೇ ಹಿಡಿದು ಮತ್ತೆ ಬರೆಯಲು ಹೇಳಿದೆ. ಈ ಸಲ ಸೇವಂತಿಗೆಯ ರಾಶಿಯ ಹಿಂದೆ ಕುಳಿತ ಒಬ್ಬ ಅಜ್ಜಿ ಮಾತ್ರ ಇದ್ದಳು. ಮೊಣಕೈಯಿಂದ ಬೆರಳ ತುದಿಯವರೆಗೆ ಹೂವಿನ ಮಾಲೆಯನ್ನು ಅಳೆಯುವ ಅವಳ ಕೈ, ಪ್ರತಿ ಮೊಳಕ್ಕೂ ಹಿಂದೆ ಸರಿದು ಮುಂದೆ ಬರುವ ಗಾಜಿನ ಬಳೆಗಳು, ಕೊಳ್ಳುವವರಿಗೆ ಅವಳು ಕೊನೆಯಲ್ಲಿ ಸೇರಿಸಿಕೊಡುವ ನಾಲ್ಕು ಬೆರಳಷ್ಟು ಹೂವು, ಬಲ್ಬಿನ ಬೆಳಕು ಹಗಲಿನ ಬೆಳಕಿಗೆ ಸೋಲುವ ಹೊತ್ತು. ಮೊಳವೆಂಬ ಪದವನ್ನು ಹಾಗೆಯೇ ಇಟ್ಟು, ಅದು ಅಳತೆಯೆಂದು ವಾಕ್ಯದೊಳಗೆಯೇ ತಿಳಿಯುವಂತೆ ಮಾಡಿದ್ದಳು. ಎಲ್ಲಿಯೋ ಕುಳಿತ ಪರೀಕ್ಷಕರಿಗೆ ಇದು ರುಚಿಸುತ್ತದೆಯೇ ಎಂದು ಅವಳು ಕೇಳಿದಳು. ಸಾವಿರ ಪತ್ರಿಕೆ ತಿದ್ದುವವರಿಗೆ ಕಣ್ಣಾರೆ ಕಂಡು ಬರೆದ ಒಂದು ಪುಟ ಸಿಕ್ಕಿದರೆ ಬೆನ್ನು ನೆಟ್ಟಗಾಗುತ್ತದೆಂದು ನಾನು ನನ್ನ ಅನುಭವದಿಂದ ಹೇಳಿದೆ.

ಶುದ್ಧಿಯ ಅಂಕಗಳು ಹೋಗುತ್ತಿದ್ದದ್ದು ಎಲ್ಲಿ ಎಂಬುದನ್ನು ಪತ್ತೆಹಚ್ಚಲು ಅವಳ ಹಳೆಯ ಹದಿನೈದು ಉತ್ತರಗಳಿಂದ ತಪ್ಪುಗಳನ್ನೆಲ್ಲ ಒಂದು ಹಾಳೆಗೆ ಎತ್ತಿ ಬರೆದೆವು. ನೂರು ಬಗೆಯ ತಪ್ಪುಗಳಿರಬಹುದೆಂದು ಭಾವಿಸಿದ್ದೆ. ಮೂರೇ ಬಗೆ ಇದ್ದವು. ಕನ್ನಡದಲ್ಲಿ ಇಲ್ಲದ ಎ, ಆ್ಯನ್, ದ ಎಂಬ ಉಪಪದಗಳನ್ನು ಬಿಡುವುದು. ನಡುವೆ ಭೂತಕಾಲದಿಂದ ವರ್ತಮಾನಕ್ಕೆ ಜಾರುವುದು. ಪೂರ್ಣವಿರಾಮ ಬರಬೇಕಾದಲ್ಲಿ ಅಲ್ಪವಿರಾಮ ಹಾಕಿ ವಾಕ್ಯದ ಮೇಲೆ ವಾಕ್ಯ ಪೋಣಿಸುವುದು. ಕೊನೆಯದರ ಮೂಲ ನನಗೆ ಕೂಡಲೇ ಕಂಡಿತು. ಹೋಗಿ, ನೋಡಿ, ಕೊಂಡು, ತಂದು ಎಂದು ಕನ್ನಡದ ವಾಕ್ಯ ಎಷ್ಟು ದೂರ ಬೇಕಾದರೂ ದಣಿಯದೆ ನಡೆಯುತ್ತದೆ. ಇಂಗ್ಲಿಷ್ ಅಷ್ಟು ದೂರ ನಡೆಯಲು ಬೇರೆ ಏರ್ಪಾಡು ಬೇಕು. ಕೊನೆಯ ಎಂಟು ನಿಮಿಷ ಈ ಮೂರನ್ನು ಮಾತ್ರ ಹುಡುಕುವುದು, ಬೇರೇನನ್ನೂ ನೋಡದಿರುವುದು ಎಂದು ತೀರ್ಮಾನಿಸಿದೆವು. ಒಟ್ಟಾರೆ ಕಣ್ಣಾಡಿಸಿದಾಗ ಒಂದೆರಡು ತಪ್ಪು ಸಿಗುತ್ತಿದ್ದ ಕಡೆ ಈಗ ಏಳೆಂಟು ಸಿಗತೊಡಗಿದವು.

ಮಾರ್ಚ್ ಬಂತು. ಮೊದಲ ಪತ್ರಿಕೆಯ ದಿನ ಪರೀಕ್ಷಾ ಕೇಂದ್ರದ ಹೊರಗೆ ಹೊಂಗೆಯ ನೆರಳಿನಲ್ಲಿ ಇತರ ತಾಯಂದಿರೊಂದಿಗೆ ನಿಂತಿದ್ದೆ. ಹೊರಗೆ ಬಂದವಳು ನೀರು ಕುಡಿದು, "ಎರಡನೇ ಪ್ರಶ್ನೆ ಮುಗಿದಿರ್ಲಿಲ್ಲ, ಎಂಬತ್ತೆರಡಕ್ಕೆ ಬಿಟ್ಟು ಹೋದೆ ಅಮ್ಮಾ. ಕೊನೇಲಿ ಐದು ನಿಮಿಷ ಉಳೀತು, ವಾಪಸ್ ಬಂದು ಮುಗಿಸಿದೆ" ಎಂದಳು. ಕೆಲವು ತಿಂಗಳ ಹಿಂದೆ ಅಳು ತರಿಸುತ್ತಿದ್ದ ಕೆಲಸವನ್ನು ಅವಳು ಇಷ್ಟು ಸಲೀಸಾಗಿ ಹೇಳಿದ್ದು ಕೇಳಿ ನನಗೆ ಅಂಕಪಟ್ಟಿಯ ಚಿಂತೆ ಅರ್ಧ ಹೋಯಿತು. ಎರಡನೆಯ ಪತ್ರಿಕೆಯಲ್ಲಿ ವರ್ಣನೆಯನ್ನೇ ಆರಿಸಿಕೊಂಡಿದ್ದಳು. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಎ ದರ್ಜೆ ಬಂದಿತ್ತು. ಎ ಸ್ಟಾರ್ ಬರಬಹುದಿತ್ತೆಂಬ ಸಣ್ಣ ಕೊರಗು ಅವಳಿಗಿತ್ತು, ನನಗಿರಲಿಲ್ಲ.

ಜೂನಿನಲ್ಲಿ ಕೆಳಗಿನ ಮನೆಯ ಹುಡುಗ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೇಳಿಕೊಂಡು ಬಂದ. ಅವನೂ ಅದೇ ಪರೀಕ್ಷೆಗೆ ಕೂರುವವನು. ದಾರ ಕಟ್ಟಿದ ಕಟ್ಟನ್ನು ಮೇಜಿನ ಮೇಲೆ ಬಿಚ್ಚಿದೊಡನೆ ಅವನು ಮೊದಲ ಗದ್ಯಭಾಗವನ್ನು ಓದತೊಡಗಿದ. ಮಗಳು ಅವನ ಪಕ್ಕದಲ್ಲಿ ಕುಳಿತು, ಏನೂ ಹೇಳದೆ, ಆ ಪುಟದ ಮೇಲೆ ತನ್ನ ಎಡಗೈ ಮುಚ್ಚಿದಳು.